ಹಳೆ ಲಾರಿಗೆ ಸ್ಕ್ಯಾನರ್ ಕೊಳ್ಳುವ ಮೊದಲು

ಇಂಜಿನ್‌ನ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಯಂತ್ರವೇ ಸ್ಕ್ಯಾನರ್. ಅದರ ರೇಟು ವಿಚಾರಿಸುವ ಮೊದಲು ಡೀಸೆಲ್ ಪಂಪನ್ನು ಒಮ್ಮೆ ನೋಡಿ. ಪಂಪಿನಿಂದ ಆರು ಸಿಲಿಂಡರಿಗೆ ಆರು ಪೈಪು ಬೇರೆಬೇರೆಯಾಗಿ ಹೋಗಿದ್ದು, ಪಂಪಿಗೆ ಬರುವ ವಯರು ಸ್ಟಾಪ್ ಸೊಲೆನಾಯ್ಡ್‌ಗೆ (ಇಂಜಿನ್ ನಿಲ್ಲಿಸುವ ಸ್ವಿಚ್ಚಿಗೆ) ಮಾತ್ರ ಇದ್ದರೆ ಅದು ಮೆಕ್ಯಾನಿಕಲ್ ಪಂಪ್. ಆ ಇಂಜಿನ್‌ಗೆ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್) ಇಲ್ಲ, ಹಾಗಾಗಿ ಕೋಡೂ ಇಲ್ಲ. ಕೆಂಪುಕಲ್ಲು ಹೊರುವ ಹಳೆ ಲಾರಿಗಳಲ್ಲಿ ಈ ಜಾತಿಯವು ಇನ್ನೂ ಇವೆ. ಅವುಗಳಿಗೆ ಸ್ಕ್ಯಾನರ್ ತರುವ ದುಡ್ಡನ್ನು ನೋಝಲ್ ಟೆಸ್ಟಿಂಗ್‌ಗೆ ಹಾಕಿದರೆ ಪ್ರಯೋಜನವಾದೀತು.

ಪಂಪಿನಿಂದ ಡೀಸೆಲ್ ಮೊದಲು ಒಂದು ದಪ್ಪ ಕೊಳವೆಗೆ (ಇದೇ ‘ರೈಲ್’) ಹೋಗಿ, ಅಲ್ಲಿಂದ ಇಂಜೆಕ್ಟರ್‌ಗಳಿಗೆ ಹಂಚಿಹೋಗುತ್ತಿದ್ದರೆ, ಪ್ರತಿ ಇಂಜೆಕ್ಟರಿಗೂ ವಯರಿನ ಕಪ್ಲರ್ ಇದ್ದರೆ, ಅದು ಕಾಮನ್ ರೈಲ್. ಸ್ಕ್ಯಾನರ್ ಬೇಕಾಗುವುದು ಇಲ್ಲಿ.

ಮುಂದಿನ ಪ್ರಶ್ನೆ ಕರೆಂಟಿನದು. ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಅಗ್ಗದ ಇಎಲ್‌ಎಂ327 ಡಾಂಗಲ್‌ಗಳು ಹೆಚ್ಚಾಗಿ ಕಾರಿನ 12 ವೋಲ್ಟ್‌ಗೆ ಮಾಡಿದವು. ದೊಡ್ಡ ಲಾರಿಯದ್ದು 24 ವೋಲ್ಟ್; ಇಂಜಿನ್ ಓಡುವಾಗ 28ರ ಹತ್ತಿರ ಬರುತ್ತದೆ. ಡಾಂಗಲ್ ಒಳಗಿನ ರೆಗ್ಯುಲೇಟರ್ ಕಾದು ಸುಟ್ಟುಹೋಗಬಹುದು. ಸ್ಕ್ಯಾನರ್ ಚುಚ್ಚುವ 24 ವೋಲ್ಟ್ ಪೋರ್ಟ್‌ನ ಎರಡು ಸಾಲು ಪಿನ್‌ಗಳ ನಡುವಿನ ಸೀಳು ಮಧ್ಯದಲ್ಲಿ ತುಂಡಾಗಿರುತ್ತದೆ. ಕಾರಿನ ಪ್ಲಗ್ ಅದರೊಳಗೆ ಕೂರಬಾರದೆಂದೇ ಹಾಗೆ ಮಾಡಿದ್ದು. ಕೂರದ ಪ್ಲಗ್ಗನ್ನು ಹೆರೆದು ತುರುಕಬೇಡಿ ಮಾರಾಯ್ರೇ. ಪೋರ್ಟ್ ಬದಲಾಯಿಸಿದ ಲಾರಿಗಳೂ ಇರುವುದರಿಂದ ಆಕಾರವನ್ನಷ್ಟೇ ನಂಬದೆ ಮಲ್ಟಿಮೀಟರ್‌ನಲ್ಲಿ 16 ಮತ್ತು 4ನೇ ಪಿನ್ ನಡುವೆ ಅಳೆಯಿರಿ. ಸೊನ್ನೆ ತೋರಿಸಿದರೆ ಮೊದಲು ಫ್ಯೂಸ್, ಆಮೇಲೆ ಅರ್ಥ್ ನೋಡಿ.

ಭಾಷೆಯದ್ದೂ ಒಂದು ತಕರಾರು. ಕಾರಿನ ಆ್ಯಪ್‌ಗಳು ‘ಪಿ0087’ ಥರದ ಕೋಡ್ ಹುಡುಕುತ್ತವೆ. ಹೆವಿ ಲಾರಿಗಳು ಬಹಳಷ್ಟು ಜೆ1939 ಎಂಬ ಬೇರೆ ಸಂದೇಶ ಪದ್ಧತಿಯಲ್ಲಿ ಮಾತಾಡುತ್ತವೆ. ಅದರಲ್ಲಿ ಎಸ್‌ಪಿಎನ್ ಯಾವ ಭಾಗವೆಂದು ಹೇಳುತ್ತದೆ, ಎಫ್‌ಎಂಐ ಏನು ತೊಂದರೆಯೆಂದು ಹೇಳುತ್ತದೆ. ಎಸ್‌ಪಿಎನ್ 100 ಆಯಿಲ್ ಪ್ರೆಶರ್, 110 ಕೂಲಂಟ್ ಬಿಸಿ, 157 ರೈಲ್ ಪ್ರೆಶರ್. ಎಫ್‌ಎಂಐ 3 ಬಂದರೆ ವೋಲ್ಟೇಜ್ ಮೇಲಿದೆ, 4 ಬಂದರೆ ಕೆಳಗಿದೆ, 5 ಬಂದರೆ ಹೆಚ್ಚಾಗಿ ಎಲ್ಲೋ ವಯರು ಕಡಿದಿದೆ. 3, 4, 5 ಬಂದಾಗ ಸೆನ್ಸಾರ್ ತರಲು ಓಡಬೇಡಿ. ಕಪ್ಲರ್ ಬಿಚ್ಚಿ ನೋಡಿ. ಇಂಥ ಲಾರಿಗೆ ಸ್ಕ್ಯಾನರ್ ಕೊಳ್ಳುವಾಗ ಬಾಕ್ಸ್ ಮೇಲೆ 24 ವೋಲ್ಟ್ ಮತ್ತು ಜೆ1939 ಎರಡೂ ಬರೆದಿರಬೇಕು. ಇನ್ನೂ ಹಳೆಯ ಕಾಮನ್ ರೈಲ್ ಗಾಡಿಗೆ 7ನೇ ಪಿನ್ನಿನ ಕೆ-ಲೈನ್ (ಹಳೆ ಥರದ ಒಂಟಿ ವಯರಿನ ಸಂಪರ್ಕ) ಬೇಕಾಗಬಹುದು, ಅದನ್ನೂ ಕೇಳಿಕೊಳ್ಳಿ.

ಕೋಡ್ ಮಾತ್ರ ತೋರಿಸುವ ಯಂತ್ರಕ್ಕೆ ದುಡ್ಡು ಹಾಕುವುದು ದಂಡ. ಲೈವ್ ಡೇಟಾ, ಅಂದರೆ ಓಡುವಾಗಲೇ ಸೆನ್ಸಾರ್‌ಗಳ ಅಂಕಿ ತೋರಿಸುವುದು, ಇರಲೇಬೇಕು. ಯಾಕೆಂದರೆ ನಮ್ಮ ಕಡೆ ಬರುವ ದೊಡ್ಡ ದೂರು ಇದು: ಪಣಂಬೂರಿನಲ್ಲಿ ಲೋಡ್ ಮಾಡಿಕೊಂಡು ಬಿ.ಸಿ. ರೋಡ್ ದಾಟುವವರೆಗೆ ಏನೂ ಇಲ್ಲ, ಶಿರಾಡಿ ಘಾಟಿ ಹತ್ತುವಾಗ ಎಳೆಯುವುದಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಲೈಟ್ ಬೀಳುತ್ತದೆ. ಸಪಾಟು ರಸ್ತೆಯಲ್ಲಿ ಅರ್ಧ ಕಟ್ಟಿದ ಫಿಲ್ಟರ್ ಕೂಡ ಸಾಕಾಗುವಷ್ಟು ಡೀಸೆಲ್ ಬಿಡುತ್ತದೆ. ಏರಿನಲ್ಲಿ ಫುಲ್ ಲೋಡಿಗೆ ಬೇಕಾದಷ್ಟು ಬಿಡುವುದಿಲ್ಲ. ರೈಲ್ ಪ್ರೆಶರ್ ಬಿದ್ದ ಕೂಡಲೇ ಇಸಿಯು ಪವರ್ ಕಡಿಮೆ ಮಾಡುತ್ತದೆ. ಗ್ಯಾರೇಜಿನಲ್ಲಿ ಐಡಲ್‌ಗೆ ಬಿಟ್ಟು ಸ್ಕ್ಯಾನ್ ಮಾಡಿದರೆ 300 ಬಾರ್ ಆಸುಪಾಸು ಇದ್ದು ಎಲ್ಲ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಸ್ಕ್ಯಾನರ್ ಹಾಕಿಕೊಂಡೇ ಏರು ಹತ್ತಬೇಕು; ಡ್ರೈವರ್ ಓಡಿಸಲಿ, ಪರದೆಯನ್ನು ಇನ್ನೊಬ್ಬರು ನೋಡಲಿ. ಇಸಿಯು ಕೇಳುವ ಪ್ರೆಶರ್ ಮತ್ತು ನಿಜವಾಗಿ ಸಿಗುವ ಪ್ರೆಶರ್ ದೂರವಾಗುತ್ತಾ ಹೋದರೆ ಮೊದಲು ಫಿಲ್ಟರ್, ವಾಟರ್ ಸೆಪರೇಟರ್, ಏರ್ ಎಳೆಯುವ ಜಾಯಿಂಟ್ ನೋಡಿ. ಪಂಪಿಗೆ ಕೈ ಹಾಕುವುದು ಕಟ್ಟಕಡೆಗೆ. ಫ್ರೀಜ್ ಫ್ರೇಮ್ ಇರುವ ಸ್ಕ್ಯಾನರ್ ಆದರೆ ಲೈಟ್ ಬಿದ್ದ ಕ್ಷಣದ ಅಂಕಿಗಳನ್ನು ಎತ್ತಿಕೊಡುತ್ತದೆ. ಕೋಡ್ ಅಳಿಸಿದರೆ ಅದೂ ಅಳಿಯುತ್ತದೆ, ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಇಂಜೆಕ್ಟರ್ ಬದಲಾಯಿಸಿ ಅದರ ಮೇಲಿನ ನಂಬರನ್ನು ಇಸಿಯುಗೆ ಬರೆಯುವ ಕೆಲಸ ಸಾಧಾರಣ ಸ್ಕ್ಯಾನರ್‌ಗೆ ಆಗದು. ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ಓದುವುದೂ ಎಲ್ಲದಕ್ಕೂ ಬರುವುದಿಲ್ಲ.

ಕರಾವಳಿಯ ಲಾರಿಗೆ ಇನ್ನೊಂದು ಪೀಡೆ ಉಪ್ಪು. ಮಲ್ಪೆಯಿಂದ ಮೀನು ಹೊರುವ ಗಾಡಿಗಳಲ್ಲಿ ಐಸಿನ ಉಪ್ಪುನೀರು ಚಾಸಿಸ್ ವಯರಿಂಗ್ ಮೇಲೆ ಸುರಿದು ಪಿನ್‌ಗೆ ಹಸಿರು ಕಿಲುಬು ಹಿಡಿಯುತ್ತದೆ. ಸ್ಕ್ಯಾನರ್ ‘ಕನೆಕ್ಟ್ ಆಗುತ್ತಿಲ್ಲ’ ಎಂದರೆ ಬ್ಯಾಟರಿ ಕಳಚಿ 6 ಮತ್ತು 14ನೇ ಪಿನ್ ನಡುವೆ ಅಳೆಯಿರಿ. ಕ್ಯಾನ್ ಲೈನ್ (ಇಸಿಯು ಮಾತಾಡುವ ಜೋಡಿ ವಯರು) ಆ ಪಿನ್‌ಗಳಿಗೆ ಬಂದಿದ್ದರೆ 60 ಓಮ್ ಇರಬೇಕು. 120 ಬಂದರೆ ಲೈನ್ ಒಂದು ಕಡೆ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ವಯರು ಒಂದಕ್ಕೊಂದು ತಾಗಿವೆ. ಕಿಲುಬನ್ನು ಉಪ್ಪುಕಾಗದದಲ್ಲಿ ಉಜ್ಜಿದರೆ ಪಿನ್ನಿನ ಲೇಪ ಹೋಗಿ ಮತ್ತೆ ಬೇಗ ಹಿಡಿಯುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿಸಿ, ತೆಳುವಾಗಿ ಡೈಎಲೆಕ್ಟ್ರಿಕ್ ಗ್ರೀಸ್ ಹಚ್ಚಿ. ಇಂಜಿನ್‌ನಿಂದ ಚಾಸಿಸ್‌ಗೆ ಹೋಗುವ ಅರ್ಥ್ ಪಟ್ಟಿಯನ್ನೂ ಬಿಚ್ಚಿ ಉಜ್ಜಿ: ಸೆಲ್ಫ್ ಹೊಡೆಯುವಾಗ ಅದರ ಎರಡು ತುದಿಗಳ ನಡುವೆ ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕೋಡ್ ಒಟ್ಟಿಗೆ ಬರುವುದಕ್ಕೆ ಅದೊಂದೇ ಸಾಕು.