ತಾಮ್ರದಲ್ಲಿ ವೀರಭದ್ರ: ಹಲಗೆ ಕೆಲಸ ಎಲ್ಲಿಗೆ ಬಂತು

ಡಿಸೆಂಬರ್ 7

ಕೊನೆಗೂ ಶುರು ಮಾಡಿದೆ. ತುಮಕೂರಿನ ಮಂಡಿಪೇಟೆಗೆ ಹೋಗಿ ತಾಮ್ರದ ತಗಡು ತಂದೆ. ದಪ್ಪ 24 ಗೇಜು (ಗೇಜಿನ ಅಂಕಿ ಕಡಿಮೆಯಾದಷ್ಟೂ ತಗಡು ದಪ್ಪ), 8 ಇಂಚು ಅಗಲ, 11 ಇಂಚು ಉದ್ದ. ಮನೆಯಲ್ಲಿ ತೂಗಿ ನೋಡಿದರೆ 280 ಗ್ರಾಂ ಮೇಲೆ ಸ್ವಲ್ಪ. ಇದರ ಮೇಲೆ ವೀರಭದ್ರನನ್ನು ಉಬ್ಬಿಸಿ ಎಬ್ಬಿಸಬೇಕು. ಶಿವರಾತ್ರಿ ಹೊತ್ತಿಗೆ ಮುಗಿಸುವ ಆಸೆ.

ನಮ್ಮ ತಾತ ವೀರಗಾಸೆ ಕುಣಿಯುತ್ತಿದ್ದರು. ಕೆಂಪು ಕಾಸೆ, ತಲೆಗೆ ಬಿಳಿ ಚವರಿ, ಹಣೆ ತುಂಬಾ ವಿಭೂತಿ, ಕಾಲಿಗೆ ಗಗ್ಗರ, ಕೈಯಲ್ಲಿ ಕತ್ತಿ. ಸೊಂಟಕ್ಕೆ ಹಿತ್ತಾಳೆಯ ವೀರಭದ್ರನ ಹಲಗೆ. ಕೆಲವು ಕಡೆ ಎದೆಗೆ ಕಟ್ಟುತ್ತಾರೆ, ತಾತ ಸೊಂಟಕ್ಕೇ ಕಟ್ಟುತ್ತಿದ್ದರು. ಅವರು ಒಡಪು, ಅಂದರೆ ವೀರಭದ್ರನ ಕಥೆಯ ಸಾಲುಗಳನ್ನು, ಹೇಳಲು ನಿಂತರೆ ಕರಡೆ ವಾದ್ಯ ನಿಲ್ಲುತ್ತಿತ್ತು. ‘ಆಹಾಹಾ ರುದ್ರ’ ಅಂತ ಕೂಗು ಎದ್ದಾಗ ನಾನು ಅಮ್ಮನ ಸೆರಗು ಹಿಡಿದುಕೊಳ್ಳುತ್ತಿದ್ದೆ. ಕಣ್ಣು ಮಾತ್ರ ಹಲಗೆ ಮೇಲೇ ಇರುತ್ತಿತ್ತು. ಮಗುವಿನ ಎತ್ತರಕ್ಕೆ ಸರಿಯಾಗಿ ಅದೇ ಕಾಣುತ್ತಿತ್ತು ಅಲ್ವಾ?

ಹಳೇ ಮನೆ ಖಾಲಿ ಮಾಡುವಾಗ ಆ ಹಲಗೆ ಒಡಕು ಪಾತ್ರೆಗಳ ಜೊತೆ ಗುಜರಿಗೆ ಹೋಯಿತು. ಕೆಜಿ ಲೆಕ್ಕದಲ್ಲಿ. ಆಗ ಯಾರಿಗೂ ಅದು ದೊಡ್ಡದು ಅನ್ನಿಸಲಿಲ್ಲ. ನನಗೆ ಇವತ್ತಿಗೂ ಸಂಕಟ ಆಗುತ್ತದೆ. ಒಂದು ಫೋಟೋ ಕೂಡ ಇಲ್ಲ. ನೆನಪಿನಿಂದಲೇ ಮಾಡಬೇಕು.

ಡಿಸೆಂಬರ್ 14

ಈ ವಾರ ಪೂರ್ತಿ ಕಾಗದದ ಮೇಲೆ. ಸುತ್ತಿಗೆ ಮುಟ್ಟಿಲ್ಲ.

ನೆನಪಿರುವುದು ಇಷ್ಟು. ನಡುವೆ ನಿಂತ ವೀರಭದ್ರ, ನಾಲ್ಕು ಕೈ. ಕತ್ತಿ, ಗುರಾಣಿ, ಬಿಲ್ಲು, ಬಾಣ. ಮೊಣಕಾಲ ತನಕ ಇಳಿಬಿದ್ದ ರುಂಡಮಾಲೆ. ಅವನ ಬಲಗಾಲ ಹತ್ತಿರ ಕೈಮುಗಿದು ನಿಂತ ದಕ್ಷ, ತಲೆ ಮಾತ್ರ ಪ್ರಾಣಿಯದು. ಎಡಕ್ಕೆ ಭದ್ರಕಾಳಿ. ಮೇಲೆ ಸೂರ್ಯ, ಚಂದ್ರ. ಎಲ್ಲದರ ನೆತ್ತಿಯಲ್ಲಿ ಕೀರ್ತಿಮುಖ.

ಭಾಗವತದ ನಾಲ್ಕನೇ ಸ್ಕಂಧ ತೆಗೆದು ಮತ್ತೆ ಓದಿದೆ. ದಕ್ಷ ಯಜ್ಞ ಮಾಡುತ್ತಾನೆ, ಅಳಿಯ ಶಿವನನ್ನು ಕರೆಯುವುದಿಲ್ಲ. ಮಗಳು ಸತಿ ತಾನಾಗಿಯೇ ಹೋಗುತ್ತಾಳೆ. ತಂದೆ ಮುಖ ಕೊಟ್ಟು ಮಾತಾಡುವುದಿಲ್ಲ. ಅವಮಾನ ತಡೆಯದೆ ಅಲ್ಲೇ ಯೋಗಾಗ್ನಿಯಲ್ಲಿ ದೇಹ ಬಿಡುತ್ತಾಳೆ. ಸುದ್ದಿ ಕೇಳಿದ ಶಿವ ತನ್ನ ಜಟೆಯ ಒಂದು ಎಳೆ ಕಿತ್ತು ನೆಲಕ್ಕೆ ಅಪ್ಪಳಿಸುತ್ತಾನೆ. ಅದರಿಂದ ಎದ್ದವನೇ ವೀರಭದ್ರ. ಮಹಾಭಾರತದ ಶಾಂತಿಪರ್ವದಲ್ಲಿ ಬೇರೆ ಥರ ಇದೆ, ಅಲ್ಲಿ ಶಿವನ ಬಾಯಿಂದ ಹುಟ್ಟುತ್ತಾನೆ. ನನಗೆ ಜಟೆಯ ಕಥೆಯೇ ಹತ್ತಿರ, ತಾತನ ಒಡಪಿನಲ್ಲಿ ಇದ್ದದ್ದು ಅದೇ.

ಭಾಗವತದ ವೀರಭದ್ರನಿಗೆ ಸಾವಿರ ತೋಳು. ಮೋಡದ ಬಣ್ಣ, ಮೂರು ಸೂರ್ಯರಂಥ ಮೂರು ಕಣ್ಣು, ಉರಿಯುವ ಬೆಂಕಿಯಂಥ ಕೂದಲು, ಆಕಾಶ ಮುಟ್ಟುವ ಎತ್ತರ. ಅದನ್ನು ಹಲಗೆ ಮಾಡುವವರು ನಾಲ್ಕು ತೋಳಿಗೆ ಇಳಿಸಿದರು, 11 ಇಂಚಿಗೆ ತಂದರು. ಸೊಂಟಕ್ಕೆ ಕಟ್ಟಿಕೊಂಡು ಕುಣಿಯುವ ಅಳತೆಗೆ. ಇದು ಎಷ್ಟು ದೊಡ್ಡ ಕೆಲಸ ಅನ್ನುವುದು ಪೆನ್ಸಿಲ್ ಹಿಡಿದು ಕೂತಾಗಲೇ ಗೊತ್ತಾದದ್ದು.

ಡಿಸೆಂಬರ್ 22

ಭಾನುವಾರ ಲೇಪಾಕ್ಷಿಗೆ ಹೋಗಿ ಬಂದೆ. ಕೊರಟಗೆರೆ, ಮಧುಗಿರಿ ದಾಟಿ ಹಿಂದೂಪುರ, ಅಲ್ಲಿಂದ ಇನ್ನೊಂದು ಬಸ್ಸು. ಆಂಧ್ರದ ಗಡಿ ದಾಟಿದರೂ ಅಂಗಡಿಗಳಲ್ಲಿ ಕನ್ನಡ ನಡೆಯುತ್ತದೆ.

ಅಲ್ಲಿನ ಗುಡಿ ವೀರಭದ್ರನದೇ. 16ನೇ ಶತಮಾನದಲ್ಲಿ, ವಿಜಯನಗರದ ಅಚ್ಯುತರಾಯನ ಕಾಲದಲ್ಲಿ, ವಿರೂಪಣ್ಣ ಮತ್ತು ವೀರಣ್ಣ ಅನ್ನುವ ಅಣ್ಣತಮ್ಮಂದಿರು ಕಟ್ಟಿಸಿದ್ದು. ಆಮೆಯ ಬೆನ್ನಿನ ಹಾಗೆ ಇರುವ ಬಂಡೆಗುಡ್ಡದ ಮೇಲಿದೆ, ಅದಕ್ಕೇ ಕೂರ್ಮಶೈಲ ಅನ್ನುತ್ತಾರೆ. ಜನ ತೂಗುವ ಕಂಬದ ಕೆಳಗೆ ಬಟ್ಟೆ ತೂರಿಸಿ ನೋಡುತ್ತಿದ್ದರು. ನಾನು ಕತ್ತು ಮೇಲೆತ್ತಿ ನಿಂತಿದ್ದೆ. ಚಾವಣಿಯಲ್ಲಿ ದೊಡ್ಡ ವೀರಭದ್ರನ ಚಿತ್ರ ಇದೆ. ಬಣ್ಣ ಅಲ್ಲಲ್ಲಿ ಉದುರಿದೆ. ಆದರೂ ಕೆಂಪು ಮಣ್ಣಿನ ಬಣ್ಣ, ಕಪ್ಪು ಗೆರೆ, ಬಿಳಿ, ಇಷ್ಟರಲ್ಲೇ ಅವನು ತುಂಬಿಕೊಂಡಿದ್ದಾನೆ.

ಕತ್ತು ನೋಯುವ ತನಕ ಕಣ್ಣಿನ ಗೆರೆ ನೋಡಿದೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದು ಒಂದೇ ಸಾಲು: ‘ಹುಬ್ಬು ಗಂಟಿಕ್ಕಿಲ್ಲ, ಕಣ್ಣು ದೊಡ್ಡದು, ಅಷ್ಟೇ.’

ಜನವರಿ 3

ಅರಗು ಕಾಯಿಸಿದೆ. ರಾಳ, ಜರಡಿ ಹಿಡಿದ ಇಟ್ಟಿಗೆ ಪುಡಿ, ಸ್ವಲ್ಪ ಕಡಲೆಕಾಯಿ ಎಣ್ಣೆ. ಎಣ್ಣೆ ಜಾಸ್ತಿಯಾದರೆ ಮೆತ್ತಗಾಗಿ ತಗಡು ಒಳಗೆ ಕುಸಿಯುತ್ತದೆ. ಕಡಿಮೆಯಾದರೆ ಗಾಜಿನ ಹಾಗೆ ಒಡೆಯುತ್ತದೆ. ಚಳಿಗಾಲ ಆದ್ದರಿಂದ ಎಣ್ಣೆ ಒಂದು ಚಮಚ ಹೆಚ್ಚೇ ಬೇಕಾಯಿತು. ಉಗುರು ಒತ್ತಿದರೆ ಗುರುತು ಬೀಳಬೇಕು, ಬೆರಳಿಗೆ ಅಂಟಬಾರದು. ಅದು ಹದ.

ತಗಡನ್ನು ಅರಗಿನ ಮೇಲೆ ಕೂರಿಸಿ, ಮುಂದಿನಿಂದ ಗೆರೆ ಹೊಡೆದೆ. ಆಮೇಲೆ ಬಿಡಿಸಿ, ತಿರುಗಿಸಿ, ಹಿಂದಿನಿಂದ ಉಬ್ಬಿಸುವುದು. ಇಲ್ಲೊಂದು ಅಪಾಯ ಇದೆ. ಹಿಂದಿನಿಂದ ನೋಡುವಾಗ ಎಲ್ಲ ಅದಲು ಬದಲು. ಬಲಗೈ ಎಡಕ್ಕೆ ಕಾಣುತ್ತದೆ. ಗುರಾಣಿಯ ಜಾಗದಲ್ಲಿ ಕತ್ತಿ ಉಬ್ಬಿಸಲು ಚಾಣ ಇಟ್ಟೂ ಬಿಟ್ಟಿದ್ದೆ. ಈಗ ತಗಡಿನ ಹಿಂದೆ ಮಾರ್ಕರ್‌ನಲ್ಲಿ ‘ಕತ್ತಿ ಇಲ್ಲಿ’, ‘ದಕ್ಷ ಇಲ್ಲಿ’ ಅಂತ ಬರೆದುಕೊಂಡಿದ್ದೇನೆ.

ಜನವರಿ 11

ಮೂಗು ಬಿರಿಯಿತು.

ಮುಖ ಎತ್ತರ ಬರಲಿ ಅಂತ ಒಂದೇ ಸಮನೆ ಬಡಿದೆ. ತಾಮ್ರ ಬಡಿದಷ್ಟೂ ಗಟ್ಟಿಯಾಗುತ್ತದೆ. ನಡುನಡುವೆ ಕಾಸಿ ಮೆತ್ತಗೆ ಮಾಡಿಕೊಳ್ಳಬೇಕು. ನಾನು ಎರಡು ಸಲ ಕಾಸಿದ್ದೆ, ನಾಲ್ಕು ಸಲವಾದರೂ ಬೇಕಿತ್ತು. ಮೂಗಿನ ತುದಿಯಲ್ಲಿ ಕೂದಲೆಳೆಯಷ್ಟು ಸೀಳು. ಬೆಳಕಿಗೆ ಹಿಡಿದರೆ ಒಂದು ಚುಕ್ಕೆ ಬೆಳಕು ಆಚೆಯಿಂದ ಬರುತ್ತದೆ. ತುಂಬ ಹೊತ್ತು ಅದನ್ನೇ ಹಿಡಿದು ಕೂತಿದ್ದೆ.

ಬೆಸುಗೆ ಹಾಕಬಹುದಿತ್ತು. ಆದರೆ ಮುಖಕ್ಕೆ ತೇಪೆ ಹಾಕಲು ಮನಸ್ಸು ಒಪ್ಪಲಿಲ್ಲ. ಹೊಸ ತಗಡು ತಂದೆ, ಈ ಸಲ 22 ಗೇಜು. ಅದೇ ಅಳತೆಗೆ 360 ಗ್ರಾಂ ತೂಗುತ್ತದೆ. ಬಡಿಯಲು ಕಷ್ಟ, ಆದರೆ ಎಳೆದರೆ ಬರುತ್ತದೆ. ಕಾಸುವುದನ್ನು ಈಗ ಸಂಜೆ ಲೈಟ್ ಆರಿಸಿ ಮಾಡುತ್ತೇನೆ. ಕತ್ತಲಲ್ಲಿ ತಾಮ್ರ ಮಬ್ಬು ಕೆಂಪಾಗುವುದು ಕಣ್ಣಿಗೆ ಸರಿಯಾಗಿ ಸಿಗುತ್ತದೆ. ಕಾಣಿಸಿದ ಕೂಡಲೇ ಕಾಸುವ ಗ್ಯಾಸ್ ಟಾರ್ಚ್ ಪಕ್ಕಕ್ಕೆ ಸರಿಸಿ ತಗಡನ್ನು ನೀರಿಗೆ ಹಾಕುವುದು. ಉಕ್ಕು ಆಗಿದ್ದರೆ ನೀರಿಗೆ ಬಿದ್ದು ಗಟ್ಟಿಯಾಗುತ್ತಿತ್ತು, ತಾಮ್ರಕ್ಕೆ ಆ ಗುಣ ಇಲ್ಲ. ಮೇಲಿನ ಕರಿ ಹೋಗಲು ಹುಣಸೆಹಣ್ಣು, ಉಪ್ಪು. ನಮ್ಮ ಜಿಲ್ಲೆಯಲ್ಲಿ ಹುಣಸೆಗೆ ಬರವೇ?

ಜನವರಿ 19

ಗುಬ್ಬಿ ಕಡೆ ಒಬ್ಬ ಹಿರಿಯರಿದ್ದಾರೆ, ತಾತನ ಜೊತೆ ಕುಣಿದವರು. ನಾನು ದೊಡ್ಡಪ್ಪ ಅಂತಲೇ ಕರೆಯುವುದು. ಅವರಿಗೆ ರೇಖಾಚಿತ್ರ ತೋರಿಸಲು ಹೋಗಿದ್ದೆ.

ನನ್ನ ತಲೆಯಲ್ಲಿ ಒಂದು ಯೋಚನೆ ಇತ್ತು. ಕೆಳಗಿನ ಅಂಚಿನಲ್ಲಿ ದಕ್ಷನ ಕಡೆಯ ಇನ್ನೂ ಮೂವರನ್ನು ಸೇರಿಸೋಣ ಅಂತ: ಋಷಿ ಭೃಗು, ದೇವತೆಗಳಾದ ಭಗ, ಪೂಷ. ಭಾಗವತದಲ್ಲಿ ಇವರ ಶಿಕ್ಷೆ ಎಷ್ಟು ಲೆಕ್ಕವಾಗಿದೆ ನೋಡಿ. ಹಿಂದೊಂದು ಸಭೆಯಲ್ಲಿ ದಕ್ಷ ಶಿವನನ್ನು ಬೈದಿದ್ದ. ಆಗ ಭೃಗು ಗಡ್ಡಮೀಸೆ ತೋರಿಸಿ ನಕ್ಕಿದ್ದ, ಅವನ ಗಡ್ಡವನ್ನೇ ವೀರಭದ್ರ ಕಿತ್ತ. ಭಗ ಕಣ್ಣಿನಲ್ಲೇ ಸನ್ನೆ ಮಾಡಿ ದಕ್ಷನಿಗೆ ಕುಮ್ಮಕ್ಕು ಕೊಟ್ಟಿದ್ದ, ಅವನ ಕಣ್ಣು ಹೋಯಿತು. ಪೂಷ ಹಲ್ಲು ಕಿರಿದಿದ್ದ, ಅವನ ಹಲ್ಲು ಉದುರಿತು. ಯಾವ ಅಂಗ ತಪ್ಪು ಮಾಡಿತೋ ಅದಕ್ಕೇ ಪೆಟ್ಟು. ಒಂದು ಕೂದಲು ಆಚೆ ಇಲ್ಲ, ಈಚೆ ಇಲ್ಲ.

ದೊಡ್ಡಪ್ಪ ಕಾಗದವನ್ನು ದೂರ ಹಿಡಿದು ನೋಡಿದರು. ‘ಇವರ್‍ಯಾರಪ್ಪಾ ಕೆಳಗೆ?’ ಅಂದರು. ಹೇಳಿದೆ. ‘ಹಲಗೇಲಿ ಇವರು ಇರಲ್ಲ ಮಗಾ. ದಕ್ಷ ಒಬ್ಬನೇ.’

‘ಯಾಕೆ ದೊಡ್ಡಪ್ಪ?’

‘ಕೈ ಮುಗಿದು ನಿಂತವ್ನಲ್ಲ ಅವನು. ಸಿಟ್ಟು ಮುಗಿದ ಮೇಲಿನ ವೀರಭದ್ರ ಇದು. ಸಿಟ್ಟಲ್ಲಿ ಇರೋನ್ನ ಸೊಂಟಕ್ಕೆ ಕಟ್ಕೊಂಡು ಊರೊಳಗೆ ಬರೋಕಾಗುತ್ತಾ?’

ಬಸ್ಸಿನಲ್ಲಿ ವಾಪಸ್ ಬರುವಾಗ ಪೂರ್ತಿ ಇದೇ ಮಾತು. ಕಥೆ ಹಾಗೇ ಇದೆಯಲ್ಲ! ದಕ್ಷನ ತಲೆ ಹೋಮದ ಬೆಂಕಿಗೆ ಬಿತ್ತು, ಯಜ್ಞ ಹಾಳಾಯಿತು. ಆಮೇಲೆ ಬ್ರಹ್ಮ ದೇವತೆಗಳನ್ನು ಕರೆದುಕೊಂಡು ಕೈಲಾಸಕ್ಕೆ ಹೋಗಿ ಕೇಳಿಕೊಂಡ. ಶಿವ ಒಪ್ಪಿದ. ದಕ್ಷನಿಗೆ ಹೋತನ ತಲೆ ಬಂತು. ಭೃಗುವಿಗೆ ಹೋತದ ಗಡ್ಡ ಬಂತು. ಭಗ ಮಿತ್ರ ಅನ್ನುವ ದೇವತೆಯ ಕಣ್ಣಿನಿಂದ ನೋಡಲಿ ಅಂದ. ಪೂಷನಿಗೆ ಹಲ್ಲಿಲ್ಲ, ಹಿಟ್ಟು ತಿನ್ನಲಿ ಅಂದ. ನಿಂತುಹೋಗಿದ್ದ ಯಜ್ಞ ಕೂಡ ಮುಗಿಯಿತು. ಆ ಜಾಗ ಹರಿದ್ವಾರದ ಹತ್ತಿರದ ಕನಖಲ ಅನ್ನುತ್ತಾರೆ. ಅಲ್ಲಿ ಈಗಲೂ ದಕ್ಷೇಶ್ವರನ ಗುಡಿ ಇದೆ. ದಕ್ಷನ ಹೆಸರಿನಲ್ಲೇ ಶಿವ ಕೂತಿದ್ದಾನೆ.

ನಾನು ಇಷ್ಟು ದಿನ ಹಲಗೆಯಲ್ಲಿ ಯುದ್ಧ ಹುಡುಕುತ್ತಿದ್ದೆ. ಆ ಮೂವರನ್ನು ಅಳಿಸಿದೆ.

ಜನವರಿ 27

ದಕ್ಷನ ತಲೆ. ಕುರಿತಲೆಯೋ, ಹೋತನ ತಲೆಯೋ?

ಜನ ಸುಮ್ನೆ ಕುರಿತಲೆ ಅಂತ ಹೇಳುತ್ತಾರೆ. ಹಳೇ ಹಲಗೆಗಳಲ್ಲಿ ಕೊಂಬು ಟಗರಿನ ಹಾಗೆ ಸುತ್ತಿಕೊಂಡಿರುವುದನ್ನೂ ನೋಡಿದ್ದೇನೆ. ಸಂಸ್ಕೃತದಲ್ಲಿ ಇರುವುದು ಅಜ, ಅಂದರೆ ಮೇಕೆ. ಎರಡನ್ನೂ ನೋಡೋಣ ಅಂತ ಶಿರಾ ಕಡೆ ಪರಿಚಯದವರ ದೊಡ್ಡಿಗೆ ಹೋದೆ. ಬೆಳಿಗ್ಗೆ ಏಳಕ್ಕೆ. ಒಂದು ಹೋತ ಬೇಲಿ ಹತ್ತಿರ ಬಂದು ನನ್ನ ಶರ್ಟಿನ ತೋಳು ಜಗಿಯಲು ಶುರು ಮಾಡಿತು. ಅಷ್ಟು ಹತ್ತಿರ ಸಿಕ್ಕಿತು, ಒಳ್ಳೆಯದೇ ಆಯಿತು. ಕಣ್ಣಿನ ಪಾಪೆ ಅಡ್ಡಕ್ಕೆ ಮಲಗಿದ ಸೀಳು. ಮನುಷ್ಯರ ಹಾಗೆ ಗುಂಡಗಿಲ್ಲ. ಅದರಿಂದಲೇ ಅದು ಎತ್ತ ನೋಡುತ್ತಿದೆ ಅಂತ ಗೊತ್ತಾಗುವುದಿಲ್ಲ. ಕಿವಿ ಜೋತುಬಿದ್ದಿದೆ, ಗದ್ದದ ಕೆಳಗೆ ಗಡ್ಡ. ಕೊಂಬು ಹಿಂದಕ್ಕೆ ಬಾಗಿ ಹೋಗುತ್ತದೆ, ಟಗರಿನ ಹಾಗೆ ಕೆನ್ನೆಗೆ ಸುತ್ತಿ ಬರುವುದಿಲ್ಲ.

ಹೋತನನ್ನೇ ಇಟ್ಟುಕೊಂಡೆ. ಗಡ್ಡ ಬೇಕು ನನಗೆ, ಭೃಗುವಿನ ನೆನಪು ಅಲ್ಲಿಯಾದರೂ ಇರಲಿ. ಕಣ್ಣಿಗೆ ಅಡ್ಡ ಸೀಳು ಹಾಕಲು ಹಳೇ ಸ್ಕ್ರೂಡ್ರೈವರ್ ತುದಿ ಉಜ್ಜಿ ಹೊಸ ಚಾಣ ಮಾಡಿದೆ, ಅಗಲ ಎರಡು ಮಿಲಿಮೀಟರ್. ಒಂದೇ ಏಟು. ಆ ಏಟು ಬಿದ್ದ ಮೇಲೆ ತಾಮ್ರದಲ್ಲಿ ಒಂದು ಜೀವ ನನ್ನನ್ನು ನೋಡಿತು.

ಫೆಬ್ರವರಿ 8

ಕೀರ್ತಿಮುಖ ಮುಗಿಯಿತು. ಇದರ ಕಥೆಯೂ ಹೀಗೇ. ಅಸುರ ಜಲಂಧರನ ದೂತನಾಗಿ ರಾಹು ಬಂದು ಪಾರ್ವತಿಯನ್ನು ಕೊಡು ಅಂದಾಗ, ಶಿವನ ಕೋಪದಿಂದ ಹಸಿದ ಸಿಂಹಮುಖದ ಭೂತ ಎದ್ದಿತು. ರಾಹು ಶರಣು ಬಂದ. ತಿನ್ನಲು ಬೇರೇನೂ ಇಲ್ಲದೆ ಭೂತ ಶಿವನ ಮಾತಿನಂತೆ ತನ್ನ ಮೈಯನ್ನೇ ತಿಂದಿತು, ಮುಖ ಒಂದೇ ಉಳಿಯಿತು. ಶಿವ ಮೆಚ್ಚಿ ಅದಕ್ಕೆ ಬಾಗಿಲ ಮೇಲೆ ಜಾಗ ಕೊಟ್ಟ. ಅದಕ್ಕೇ ಗುಡಿಗಳಲ್ಲಿ ಕೆಳಗಿನ ದವಡೆ ಇಲ್ಲದ ಆ ಮುಖ ಕಾಣುವುದು. ನಾನೂ ದವಡೆ ಬಿಟ್ಟೆ.

ಗುರಾಣಿ, ಬಿಲ್ಲು, ರುಂಡಮಾಲೆ ಬೇಗ ಆದವು. 17 ರುಂಡ.

ಫೆಬ್ರವರಿ 16

ಮುಖ. ಐದು ಸಲ ಕಾಸಿದೆ. ಬಿರುಕಿಲ್ಲ.

ಮೊದಲ ರೇಖಾಚಿತ್ರದಲ್ಲಿ ಹುಬ್ಬು ಗಂಟಿಕ್ಕಿದ್ದೆ, ಕೋರೆಹಲ್ಲು ದೊಡ್ಡದು ಮಾಡಿದ್ದೆ. ಈಗ ಹುಬ್ಬು ಸಡಿಲ ಬಿಟ್ಟೆ. ಕೋರೆ ಇದೆ, ತುಟಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು. ಮೀಸೆ ಮೇಲಕ್ಕೆ. ಕಣ್ಣು ದೊಡ್ಡದು, ಲೇಪಾಕ್ಷಿಯಲ್ಲಿ ನೋಡಿದ ಹಾಗೆ. ನೋಟ ಎತ್ತ ಇರಬೇಕು ಅನ್ನುವುದಕ್ಕೆ ಎರಡು ದಿನ ಹಿಡಿಯಿತು. ದಕ್ಷನ ಕಡೆಗಲ್ಲ. ಅವನ ಲೆಕ್ಕ ಮುಗಿದಿದೆ. ನೇರ ಮುಂದಕ್ಕೆ, ಹಲಗೆ ಕಟ್ಟಿಕೊಂಡವನ ಎದುರಿಗೆ ಯಾರು ಬರುತ್ತಾರೋ ಅವರ ಕಡೆಗೆ. ಬೆನ್ನ ಹಿಂದೆ ಇರುವವರನ್ನು ಕಾಯಬೇಕಲ್ಲ ಅವನು.

ಅಮ್ಮ ಬಂದು ನೋಡಿದರು. ಬೆರಳಿನಿಂದ ದಕ್ಷನ ಕೈ ಮುಟ್ಟಿದರು. ‘ನಿಮ್ಮ ತಾತಂದು ಹಿತ್ತಾಳೆ ಕಣೋ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಇಲ್ಲಿ ಸವೆದು ಹೋಗಿತ್ತು. ಕುಂಕುಮ ಇಟ್ಟು ಇಟ್ಟು’ ಅಂತ ವೀರಭದ್ರನ ಹಣೆ ತೋರಿಸಿದರು. ಅದು ನನಗೆ ನೆನಪೇ ಇರಲಿಲ್ಲ.

ಫೆಬ್ರವರಿ 22

ದೊಡ್ಡಪ್ಪನ ಹತ್ತಿರ ತಗೊಂಡು ಹೋದೆ. ಕಿಟಕಿ ಹತ್ತಿರ ಹಿಡಿದು ನೋಡಿದರು, ಏನೂ ಹೇಳಲಿಲ್ಲ. ಎದ್ದು ಒಳಗೆ ಹೋಗಿ ಒಂದು ಕೆಂಪು ವಸ್ತ್ರ ತಂದರು. ನನ್ನ ಕೈಯಲ್ಲೇ ಸೊಂಟಕ್ಕೆ ಕಟ್ಟಿಸಿಕೊಂಡರು. ಎಪ್ಪತ್ತು ದಾಟಿದ ಜೀವ. ಬಲಗಾಲು ಮುಂದಿಟ್ಟು, ಮಂಡಿ ಬಗ್ಗಿಸಿ, ಎರಡು ಹೆಜ್ಜೆ ಹಾಕಿದರು. ನಿಂತರು.

‘ಅಂಚು ಕುಯ್ಯುತ್ತೆ’ ಅಂದರು. ‘ಕೆಳಗಡೆ ಒಳಕ್ಕೆ ಮಡಚು. ಮಂಡಿ ಎತ್ತಿದಾಗ ತೊಡೆಗೆ ತಗುಲುತ್ತೆ. ಮೇಲೆ ಕಟ್ಟೋಕೆ ಎರಡು ಬಳೆ ಸಾಲಲ್ಲ, ನಾಲ್ಕು ಹಾಕು.’

ಈ ವಾರ ಅಂಚು ಮಡಚಬೇಕು. ಒಳಗೆ ಒಂದು ತಂತಿ ಕೊಟ್ಟು ಸುತ್ತಿದರೆ ನುಣ್ಣಗೆ ನಿಲ್ಲುತ್ತದೆ. ಹಿತ್ತಾಳೆ ಬಳೆ ಇನ್ನೆರಡು ತರಬೇಕು. ಹಿಂದೆ ತೊಗಲು ಹೊಲಿಸಬೇಕು. ಆಮೇಲೆ ಕೊನೆಯ ಸಲ ಹುಣಸೆಹುಳಿ.