ಮೋಟರ್‌ಹೋಮ್ ಬ್ಯಾಟರಿಗೆ ಸೋಲಾರ್ ಆರಿಸುವಾಗ ನಾನು ಮೊದಲು ನೋಡುವುದು

ಬೆಂಗಳೂರಿನ ಒಂದು ಕಾರ್ಯಾಗಾರದಲ್ಲಿ ಟೆಂಪೋ ಟ್ರಾವೆಲರ್‌ಗಳನ್ನು ಮೋಟರ್‌ಹೋಮ್‌ಗಳಾಗಿ ಮಾರ್ಪಡಿಸುವ ತಂಡದಲ್ಲಿ ನಾನು ವಿದ್ಯುತ್ ಕೆಲಸವನ್ನು ನೋಡಿಕೊಳ್ಳುತ್ತೇನೆ. ಗಾಡಿ ತರುವವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಚಾವಣಿಯ ಮೇಲೆ ಎಷ್ಟು ವ್ಯಾಟಿನ ಪ್ಯಾನಲ್ ಹಾಕಿಸಬೇಕು ಎಂದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಅಲ್ಲಿಂದಲೇ ಲೆಕ್ಕ ಆರಂಭಿಸುತ್ತಿದ್ದೆ. ಆ ಅಭ್ಯಾಸವನ್ನು ಬಿಡಿಸಿದ್ದು ನಿವೃತ್ತ ದಂಪತಿಯೊಬ್ಬರ ಗಾಡಿ.

ಆ ಗಾಡಿಗೆ 200 ಆಂಪಿಯರ್-ಅವರ್‌ನ ಸೀಸ-ಆಮ್ಲದ ಬ್ಯಾಟರಿ, ಸರಣಿಯಲ್ಲಿ ಜೋಡಿಸಿದ 200 ವ್ಯಾಟಿನ ಎರಡು ಪ್ಯಾನಲ್ ಹಾಗೂ 30 ಆಂಪಿಯರ್‌ನ ಎಂಪಿಪಿಟಿ ಚಾರ್ಜ್ ಕಂಟ್ರೋಲರನ್ನು (ಪ್ಯಾನಲಿನ ವಿದ್ಯುತ್ತನ್ನು ಬ್ಯಾಟರಿಗೆ ಹೊಂದುವಂತೆ ಬದಲಿಸಿ ತುಂಬಿಸುವ ಸಾಧನ) ನಾನೇ ಅಳವಡಿಸಿದ್ದೆ. ಎರಡು ತಿಂಗಳು ಕಳೆಯುವಷ್ಟರಲ್ಲಿ ದಾಂಡೇಲಿ, ಗೋಕರ್ಣ ಸುತ್ತಿ ಬಂದ ಅವರು, ರಾತ್ರಿ ಮೂರು ಗಂಟೆಯ ಹೊತ್ತಿಗೆ ಫ್ರಿಜ್ ನಿಂತುಹೋಗುತ್ತದೆ, ಅಮ್ಮನವರ ಇನ್ಸುಲಿನ್ ಅದರಲ್ಲೇ ಇದೆ ಎಂದು ಆತಂಕದಿಂದ ಹೇಳಿದರು. ಬಿಸಿಲು ಸಾಲುತ್ತಿಲ್ಲವೆಂದು ತೀರ್ಮಾನಿಸಿ ಮೂರನೆಯ ಪ್ಯಾನಲ್ ಹಾಕಿ ಕಳುಹಿಸಿದೆ. ಹದಿನೈದು ದಿನಕ್ಕೆ ಅದೇ ದೂರು ಮತ್ತೆ ಬಂತು.

ಬಸ್ಸಿನ ಬಾಡಿ ಕಟ್ಟುವ ಕೆಲಸದಲ್ಲಿ ಪಳಗಿದ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ನಮ್ಮಲ್ಲಿದ್ದರು. ಮಧ್ಯಾಹ್ನ ಬಿಸಿಲು ಚೆನ್ನಾಗಿದ್ದಾಗ ಅವರು ಎರಡು ಮಲ್ಟಿಮೀಟರ್ ತಂದು ಒಂದನ್ನು ಕಂಟ್ರೋಲರಿನ ತುದಿಗೂ ಇನ್ನೊಂದನ್ನು ಬ್ಯಾಟರಿಯ ತುದಿಗೂ ಹಿಡಿಸಿದರು. ಕಂಟ್ರೋಲರಿನಲ್ಲಿ 14.4 ವೋಲ್ಟ್ ಇತ್ತು, ಬ್ಯಾಟರಿಯಲ್ಲಿ 13.3. "ಕಂಟ್ರೋಲರ್ ಹೇಳುವುದನ್ನು ಇಷ್ಟು ದಿನ ಕೇಳಿದೆಯಲ್ಲ, ಈಗ ಬ್ಯಾಟರಿ ಏನು ಹೇಳುತ್ತದೆ ನೋಡು" ಎಂದರು.

ತಪ್ಪು ವೈರಿನಲ್ಲಿತ್ತು. ಪ್ಯಾನಲಿನಿಂದ ಇಳಿಯುವ 4 ಚದರ ಮಿಲಿಮೀಟರಿನ ಸೋಲಾರ್ ಕೇಬಲನ್ನೇ ನಾನು ಕಂಟ್ರೋಲರಿನಿಂದ ಐದು ಮೀಟರ್ ದೂರದ ಬ್ಯಾಟರಿಯವರೆಗೂ ಎಳೆದಿದ್ದೆ. ಪ್ಯಾನಲಿನ ಕಡೆ ಸುಮಾರು 40 ವೋಲ್ಟಿನಲ್ಲಿ ಹರಿಯುವುದು ಹತ್ತು ಆಂಪಿಯರಿನೊಳಗೆ; ಆ ವೈರು ಅದಕ್ಕೆ ಸಾಕು. ಎಂಪಿಪಿಟಿ ಆ ವೋಲ್ಟೇಜನ್ನು ಇಳಿಸಿ ಕರೆಂಟನ್ನು ಏರಿಸುವುದರಿಂದ ಬ್ಯಾಟರಿಯ ಕಡೆ ಹರಿಯುವುದು 25 ಆಂಪಿಯರ್. ಹೋಗಿಬರುವ ಹತ್ತು ಮೀಟರ್ ತಾಮ್ರದಲ್ಲಿ ಅಷ್ಟು ಕರೆಂಟಿಗೆ 1.1 ವೋಲ್ಟ್ ಇಳಿದುಹೋಗುತ್ತದೆ. ಹೀಗೆ 27 ವ್ಯಾಟ್ ಶಾಖವಾಗಿ ವ್ಯರ್ಥವಾಗುವುದು ಒಂದು ನಷ್ಟವಾದರೆ, ಅದಕ್ಕಿಂತ ಕೆಟ್ಟದ್ದು ಕಂಟ್ರೋಲರಿಗೆ ಆಗುವ ಮೋಸ. ತನ್ನ ತುದಿಯಲ್ಲಿ 14.4 ಕಂಡ ಕೂಡಲೇ ಅದು ಬ್ಯಾಟರಿ ತುಂಬುವ ಹಂತಕ್ಕೆ ಬಂತೆಂದು ಭಾವಿಸಿ, ಕರೆಂಟನ್ನು ಬೇಗನೆ ತಗ್ಗಿಸಿ, ನಿಗದಿತ ಅವಧಿ ಮುಗಿದ ಮೇಲೆ, ತುಂಬಿದ ಬ್ಯಾಟರಿಯನ್ನು ಹಾಗೇ ಕಾಯ್ದುಕೊಳ್ಳುವ ಹಂತವಾದ ಫ್ಲೋಟ್‌ಗೆ ಇಳಿದುಬಿಡುತ್ತದೆ. ಮೂರನೆಯ ಪ್ಯಾನಲ್ ಹಾಕಿದಾಗ ಕರೆಂಟ್ ಹೆಚ್ಚಿ, ಮೋಸವೂ ಹೆಚ್ಚಿತು. ಪೂರ್ತಿ ತುಂಬದೆ ದಿನ ಕಳೆದ ಸೀಸದ ಬ್ಯಾಟರಿಯ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ಅದರ ಸಾಮರ್ಥ್ಯ ಬಹಳಷ್ಟು ಕುಂದಿತ್ತು. ನಮ್ಮ ಖರ್ಚಿನಲ್ಲೇ ಬೇರೆ ಬ್ಯಾಟರಿ ಹಾಕಿಕೊಟ್ಟೆವು. ಹಾಗೆ ಮಾಡುವುದೇ ನ್ಯಾಯವಾಗಿತ್ತು.

ಆಮೇಲೆ ಕಂಟ್ರೋಲರನ್ನು ಸೀಟಿನ ಕೆಳಗೆ, ಬ್ಯಾಟರಿಗೆ ಒಂದು ಮೀಟರ್ ದೂರಕ್ಕೆ ತಂದು 16 ಚದರ ಮಿಲಿಮೀಟರಿನ ವೈರಿನಿಂದ ಜೋಡಿಸಿದೆ. ಬ್ಯಾಟರಿಯ ಪಾಸಿಟಿವ್ ತುದಿಯ ಪಕ್ಕದಲ್ಲೇ ಫ್ಯೂಸ್ ಇಟ್ಟೆ. ಇಳಿತ 0.06 ವೋಲ್ಟಿನೊಳಗೆ ಬಂತು. ಪ್ಯಾನಲ್ ಕಡೆಯ ವೈರು ಉದ್ದವಾಯಿತು, ನಿಜ. ಆದರೆ 40 ವೋಲ್ಟಿನಲ್ಲಿ ಅರ್ಧ ವೋಲ್ಟ್ ಹೋದರೆ ಬ್ಯಾಟರಿಯ ಅಳತೆ ಕೆಡುವುದಿಲ್ಲ.

ಈಗ ನಾನು ಲೆಕ್ಕವನ್ನು ಕೆಳಗಿನಿಂದ ಮೇಲಕ್ಕೆ ಮಾಡುತ್ತೇನೆ: ಮೊದಲು ದಿನದ ಬಳಕೆ, ಆಮೇಲೆ ಬ್ಯಾಟರಿ, ವೈರು, ಕಂಟ್ರೋಲರ್, ಪ್ಯಾನಲ್ ಕೊನೆಗೆ. 45 ವ್ಯಾಟಿನ 12 ವೋಲ್ಟ್ ಫ್ರಿಜ್ಜಿನ ಕಂಪ್ರೆಸರ್ ದಿನದ ಶೇಕಡ 40ರಷ್ಟು ಹೊತ್ತು ಓಡಿದರೆ 430 ವ್ಯಾಟ್-ಅವರ್ ಆಗುತ್ತದೆ. ಫ್ಯಾನ್, ದೀಪ, ಪಂಪು, ಫೋನು, ಲ್ಯಾಪ್‌ಟಾಪ್ ಸೇರಿದರೆ ಸುಮಾರು 900ಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಚಾವಣಿಗೆ ಮಟ್ಟಸವಾಗಿ ಮಲಗಿಸಿದ 400 ವ್ಯಾಟಿನ ಪ್ಯಾನಲಿನಿಂದ, ಶಾಖ ಮತ್ತು ಧೂಳಿನ ನಷ್ಟ ಕಳೆದು, ದಿನಕ್ಕೆ 1,300 ವ್ಯಾಟ್-ಅವರ್ ಸಿಕ್ಕರೆ ಅದು ಒಳ್ಳೆಯ ದಿನ. ರಾತ್ರಿಯಿಡೀ ಎಸಿ ಓಡಿಸುವ ಆಸೆಯುಳ್ಳವರಿಗೆ ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸುತ್ತೇನೆ: ಸಾವಿರ ವ್ಯಾಟಿನ ಎಸಿ ಬಿಡದೆ ಓಡಿದರೆ ಆರು ಗಂಟೆಗೆ 6,000 ಬೇಕು.

ಮನೆಯ ಇನ್ವರ್ಟರಿನ ಟ್ಯೂಬ್ಯುಲರ್ ಬ್ಯಾಟರಿಯನ್ನೇ ಗಾಡಿಗೂ ಹಾಕಿ ಎನ್ನುವವರಿಗೆ ನಾನು ಒಪ್ಪುವುದಿಲ್ಲ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ, ಮಲಗುವ ಜಾಗದೊಳಗೆ ಅದು ಇರಕೂಡದು. ಬಾಳಿಕೆ ಬರಬೇಕಾದರೆ ಸಾಮರ್ಥ್ಯದ ಅರ್ಧವನ್ನಷ್ಟೇ ಬಳಸಬೇಕು. ಲಿಥಿಯಂ ಐರನ್ ಫಾಸ್ಫೇಟ್ ಹಗುರ, ಹೆಚ್ಚು ಆಳದವರೆಗೆ ಬಳಸಬಹುದು. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅದನ್ನು ಚಾರ್ಜ್ ಮಾಡಕೂಡದು. ಲಡಾಖಿಗೆ ಹೊರಟವರಿಗಾದರೆ ಚಳಿಯಲ್ಲಿ ಚಾರ್ಜನ್ನು ತಾನಾಗಿ ತಡೆಯುವ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ಇದೆಯೇ ಎಂದು ಖಚಿತಪಡಿಸಿಕೊಂಡೇ ಗಾಡಿ ಬಿಡುತ್ತೇನೆ. ಚಳಿಯಲ್ಲಿ ಪ್ಯಾನಲಿನ ವೋಲ್ಟೇಜ್ ಏರುತ್ತದೆ ಎಂಬುದೂ ಅಲ್ಲಿ ಮುಖ್ಯ. ತೆರೆದ ವೋಲ್ಟೇಜ್ (ಏನನ್ನೂ ಜೋಡಿಸದಿದ್ದಾಗ ಪ್ಯಾನಲಿನ ತುದಿಯಲ್ಲಿರುವ ವೋಲ್ಟೇಜ್) 40 ಇರುವ ಎರಡು ದೊಡ್ಡ ಪ್ಯಾನಲನ್ನು ಸರಣಿಯಲ್ಲಿ ಕೊಟ್ಟರೆ ಬೆಂಗಳೂರಿನಲ್ಲೇ 80 ಆಗುತ್ತದೆ, 75 ವೋಲ್ಟ್ ಮಿತಿಯ ಕಂಟ್ರೋಲರ್ ಸುಟ್ಟುಹೋಗುತ್ತದೆ.

ಮಳೆಗಾಲದ ಮಲೆನಾಡಿನಲ್ಲಿ ಚಾವಣಿಯನ್ನು ನಂಬುವಂತಿಲ್ಲ. ಹೋದ ಕಡೆಯಲ್ಲೆಲ್ಲ ಮರದ ನೆರಳು ಬೇರೆ. ಆಗ ಎಂಜಿನ್ ಓಡುವಾಗ ವಿದ್ಯುತ್ ಕೊಡುವ ಗಾಡಿಯ ಆಲ್ಟರ್ನೇಟರಿನಿಂದ, ಕರೆಂಟನ್ನು ಮಿತಿಯಲ್ಲಿಟ್ಟು ವೋಲ್ಟೇಜನ್ನು ಸರಿಪಡಿಸುವ ಡಿಸಿ-ಡಿಸಿ ಚಾರ್ಜರ್ ಮೂಲಕ ತುಂಬಿಸುವುದೇ ದಾರಿ. ಲಿಥಿಯಂ ಬ್ಯಾಟರಿಯನ್ನು ಆಲ್ಟರ್ನೇಟರಿಗೆ ನೇರವಾಗಿ ಕಟ್ಟಿದರೆ ಅದು ಎಳೆಯುವ ಕರೆಂಟಿಗೆ ಆಲ್ಟರ್ನೇಟರ್ ಕಾದುಹೋಗುತ್ತದೆ. ಕೆಲವು ಹೊಸ ಗಾಡಿಗಳ ಆಲ್ಟರ್ನೇಟರಂತೂ ಅಗತ್ಯವಿಲ್ಲವೆಂದು ಕಂಡಾಗ ವೋಲ್ಟೇಜನ್ನೇ ತಗ್ಗಿಸುತ್ತದೆ. ಮಳೆಗಾಲದಲ್ಲೂ ಸುತ್ತುವವರಿಗೆ ಮೂರನೆಯ ಪ್ಯಾನಲಿನ ಹಣವನ್ನು ಇದಕ್ಕೆ ಹಾಕಿ ಎನ್ನುತ್ತೇನೆ.

ಗಾಡಿ ಒಪ್ಪಿಸುವ ದಿನ, ಮಧ್ಯಾಹ್ನ, ಮಾಲೀಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಂಟ್ರೋಲರಿನ ತುದಿಯಲ್ಲೂ ಬ್ಯಾಟರಿಯ ತುದಿಯಲ್ಲೂ ವೋಲ್ಟೇಜ್ ಅಳೆದು, ಎರಡೂ ಅಂಕಿಗಳನ್ನು ತಾರೀಖಿನೊಂದಿಗೆ ಬ್ಯಾಟರಿ ಪೆಟ್ಟಿಗೆಯ ಮುಚ್ಚಳದ ಒಳಗೆ ಬರೆಯುತ್ತೇನೆ. ಅಂಥ ಮೊದಲ ಬರಹವಿರುವುದು ಆ ದಂಪತಿಯ ಗಾಡಿಯಲ್ಲಿ. ವರ್ಷಕ್ಕೊಮ್ಮೆ ಸರ್ವಿಸಿಗೆ ಬಂದಾಗ ಮತ್ತೆ ಅಳೆದು, ಹಿಂದಿನ ಅಂಕಿಗಳ ಕೆಳಗೆ ಹೊಸದನ್ನು ಸೇರಿಸುತ್ತೇನೆ.