ಎಂಬಾಡಿ ಆದ ದಿನಗಳ ಲೆಕ್ಕ

2025ರ ಮೇ 6ರಂದು ರಕ್ಷಣಾ ಸಚಿವಾಲಯ ಹೊರಡಿಸಿದ ಆದೇಶವೊಂದು ಮೂರು ನಾಲ್ಕು ದಿನಗಳೊಳಗೆ ನನ್ನ ಮೊಬೈಲಿಗೆ ಐದಾರು ಕಡೆಯಿಂದ ಬಂದಿತ್ತು. ಅಗತ್ಯ ಬಿದ್ದಾಗ ಮಾತ್ರ ಕರೆಯುವ ಅರೆಕಾಲಿಕ ಸೇನೆಯಾದ ಟೆರಿಟೋರಿಯಲ್ ಆರ್ಮಿಯ (ಟಿಎ) 1948ರ ನಿಯಮಗಳ ಪೈಕಿ 33ನೇ ನಿಯಮದಡಿ ಆ ಸೇನೆಯ ಯಾವ ಅಧಿಕಾರಿಯನ್ನಾದರೂ, ಯಾವ ಜವಾನನನ್ನಾದರೂ ಕರ್ತವ್ಯಕ್ಕೆ ಕರೆಯುವ ಅಧಿಕಾರವನ್ನು ಭೂಸೇನಾ ಮುಖ್ಯಸ್ಥರಿಗೆ ಕೊಟ್ಟು, ಇರುವ 32 ಪದಾತಿ ಬೆಟಾಲಿಯನ್‌ಗಳ ಪೈಕಿ 14ನ್ನು ನಿಯೋಜಿಸಲು ಒಪ್ಪಿಗೆ ನೀಡಿದ ಆದೇಶವದು. ಅದೇ ಸೇನೆಯಲ್ಲಿ ಗೌರವ ಲೆಫ್ಟಿನೆಂಟ್ ಕರ್ನಲ್ ಆಗಿರುವ ಧೋನಿಯವರ ಸಮವಸ್ತ್ರದ ಚಿತ್ರವನ್ನು ಅದರ ಜೊತೆಗೆ ಸೇರಿಸಿ ಎಲ್ಲರೂ ಹಂಚಿಕೊಂಡರು. ಆದೇಶದ ಕೊನೆಯ ಭಾಗವನ್ನು ಯಾರೂ ಓದಿದಂತೆ ಕಾಣಲಿಲ್ಲ. ಆಯವ್ಯಯದಲ್ಲಿ ಹಣವಿದ್ದರೆ, ಇಲ್ಲವೇ ಆಂತರಿಕ ಉಳಿತಾಯವನ್ನು ಮರುಹೊಂದಿಸಿ ಹಣ ಒದಗಿಸಲು ಸಾಧ್ಯವಾದರೆ ಮಾತ್ರ ಕರೆಯಬೇಕು ಎಂದು ಅಲ್ಲಿತ್ತು. ಬೇರೆ ಸಚಿವಾಲಯದ ಕೋರಿಕೆಯ ಮೇರೆಗೆ ಕರೆದ ತುಕಡಿಗಳ ವೆಚ್ಚವನ್ನು ಆ ಸಚಿವಾಲಯದ ಲೆಕ್ಕಕ್ಕೇ ಹಾಕಬೇಕು, ರಕ್ಷಣಾ ಇಲಾಖೆಯ ಹಂಚಿಕೆಗೆ ಅದು ಸೇರುವುದಿಲ್ಲ ಎಂದೂ ಇತ್ತು.

ಈ ಎರಡು ವಾಕ್ಯಗಳ ತೂಕ ನನಗೆ ತಿಳಿದದ್ದು ನಮ್ಮ ಓಣಿಯ ಒಬ್ಬ ಕಾಕಾ ಅವರಿಂದ. ಬೆಳಗಾವಿಯಲ್ಲಿ ಟಿಎ ಬೆಟಾಲಿಯನ್ ಇರುವುದರಿಂದ ಈ ಕಡೆಯ ಹಳ್ಳಿಗಳಲ್ಲಿ ‘ಎಂಬಾಡಿ’, ‘ಡಿಸ್‌ಎಂಬಾಡಿ’ ಎಂಬ ಮಾತುಗಳಿಗೆ ಅರ್ಥ ಹೇಳಬೇಕಾಗಿಲ್ಲ. ಕರೆ ಬಂದು ಸಮವಸ್ತ್ರ ಹಾಕಿದರೆ ಎಂಬಾಡಿ, ಮನೆಗೆ ಕಳಿಸಿದರೆ ಡಿಸ್‌ಎಂಬಾಡಿ. ಸಂಬಳ ಎಂಬಾಡಿ ಆದ ದಿನಗಳಿಗೆ ಮಾತ್ರ. ಪಿಂಚಣಿಗೂ ಆ ದಿನಗಳದ್ದೇ ಲೆಕ್ಕ, ಜವಾನರಿಗೆ ಕನಿಷ್ಠ 15 ವರ್ಷ, ಅಧಿಕಾರಿಗಳಿಗೆ 20. ಕಾಕಾ ಅವರ ಬಳಿ ರಟ್ಟು ಸವೆದ ಒಂದು ಉದ್ದ ನೋಟ್‌ಬುಕ್ ಇದೆ. ಎಡಕ್ಕೆ ಕರೆ ಬಂದ ತಾರೀಕು, ಬಲಕ್ಕೆ ಬಿಟ್ಟ ತಾರೀಕು, ನಡುವೆ ಕೆಂಪು ಪೆನ್ನಿನಲ್ಲಿ ದಿನಗಳ ಮೊತ್ತ. “ಒಟ್ಟು ಎಷ್ಟು ವರ್ಷ ಸರ್ವಿಸ್ ಆತ್ರಿ ಕಾಕಾ?” ಎಂದು ಕೇಳಿದ್ದಕ್ಕೆ ಅವರು, “ಊರ ಮಂದಿಗೆ ಹೇಳೂದಾದ್ರ ಇಪ್ಪತ್ತೆರಡು, ಪಿಂಚಣಿಗೆ ಹೇಳೂದಾದ್ರ ಹದಿನೈದು ವರ್ಷ ನಾಕ ತಿಂಗಳು” ಎಂದರು. ಕೊನೆಯ ಬಾರಿ ಕರೆ ಬರದೇ ಹೋಗಿದ್ದರೆ ಅವರಿಗೆ ಪಿಂಚಣಿಯೇ ಇರುತ್ತಿರಲಿಲ್ಲ. ಒಂದು ವರ್ಷ ಆಯವ್ಯಯದ ಯಾವುದೋ ಶೀರ್ಷಿಕೆಯಡಿ ಹಣ ಇದ್ದಿತೋ ಇಲ್ಲವೋ ಎಂಬುದು ಒಬ್ಬ ಮನುಷ್ಯನ ವೃದ್ಧಾಪ್ಯವನ್ನು ನಿರ್ಧರಿಸುತ್ತದೆ ಎಂಬುದನ್ನು ನಾನು ಆ ಕೆಂಪು ಅಂಕಿಗಳಲ್ಲಿ ಕಂಡೆ.

ಇದರ ಮೇಲೆ ಯಾರ ಕಣ್ಣಿರಬೇಕು? 2025-26ರ ರಕ್ಷಣಾ ಆಯವ್ಯಯ ₹6.81 ಲಕ್ಷ ಕೋಟಿ. ಅದರಲ್ಲಿ ಪಿಂಚಣಿಗೇ ₹1.60 ಲಕ್ಷ ಕೋಟಿ. ಈ ಗಾತ್ರದ ನಡುವೆ ಟಿಎ ಸುಲಭವಾಗಿ ಮರೆಯಾಗುತ್ತದೆ. ಸಚಿವಾಲಯ ತನ್ನ ಖರ್ಚಿಗೆ ಸಂಸತ್ತಿನ ಒಪ್ಪಿಗೆ ಕೇಳುವ ಅನುದಾನ ಬೇಡಿಕೆಗಳನ್ನು ಸಾಲು ಸಾಲಾಗಿ ಪರಿಶೀಲಿಸಲೆಂದೇ 1993ರಿಂದ ಸಂಸತ್ತಿನಲ್ಲಿ ರಕ್ಷಣಾ ಸ್ಥಾಯಿ ಸಮಿತಿಯಿದೆ, ಮತ್ತು ಅದು ನಿದ್ದೆ ಮಾಡುತ್ತದೆ ಎಂದು ನಾನು ಹೇಳಲಾರೆ. ನಿವೃತ್ತ ಮೇಜರ್ ಜನರಲ್ ಬಿ.ಸಿ. ಖಂಡೂರಿ ಅಧ್ಯಕ್ಷರಾಗಿದ್ದಾಗ, 2018ರ ಮಾರ್ಚ್‌ನಲ್ಲಿ ಮಂಡಿಸಿದ ವರದಿಯಲ್ಲಿ, ಆ ವರ್ಷದ ಆಯವ್ಯಯ ಸೇನೆಯ ನಿರೀಕ್ಷೆಗಳನ್ನು ಹುಸಿಗೊಳಿಸಿದೆ, ಸಾಧನಗಳಲ್ಲಿ ಶೇ 68ರಷ್ಟು ಹಳೆಯ ಕಾಲದವು ಎಂದು ಸೇನೆಯ ಉಪಮುಖ್ಯಸ್ಥರೇ ಸಮಿತಿಯ ಮುಂದೆ ಹೇಳಿದ ಮಾತು ದಾಖಲಾಯಿತು. ಅದೇ ವಾರ ಲೋಕಸಭೆಯು ಎಲ್ಲ ಸಚಿವಾಲಯಗಳ ಬೇಡಿಕೆಗಳನ್ನೂ ಗದ್ದಲದ ನಡುವೆ ಚರ್ಚೆಯಿಲ್ಲದೆ ಒಟ್ಟಿಗೇ ಅಂಗೀಕರಿಸಿತು. ಸಂಸತ್ತಿನ ಭಾಷೆಯಲ್ಲಿ ಇದಕ್ಕೆ ಗಿಲೋಟಿನ್ ಎನ್ನುತ್ತಾರೆ. ಸೆಪ್ಟೆಂಬರ್ ಹೊತ್ತಿಗೆ ಸಮಿತಿಯ ಅಧ್ಯಕ್ಷ ಸ್ಥಾನದಲ್ಲಿ ಬೇರೆಯವರು ಇದ್ದರು.

ಸರ್ಕಾರದ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರ (ಸಿಎಜಿ) ಕಣ್ಣು ಹೆಚ್ಚು ಸೂಕ್ಷ್ಮ, ಆದರೆ ಅದು ತೆರೆಯುವುದು ಘಟನೆ ಮುಗಿದ ಮೇಲೆ. ಸಿಯಾಚಿನ್, ಲಡಾಖ್‌ನಂತಹ ಎತ್ತರದ ಪ್ರದೇಶಗಳ ಯೋಧರ ಬಗ್ಗೆ 2020ರ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದೆ ಬಂದ ವರದಿಯನ್ನು ನೆನಪಿಸಿಕೊಳ್ಳಬಹುದು. 2015ರ ನವೆಂಬರ್‌ನಿಂದ 2016ರ ಸೆಪ್ಟೆಂಬರ್‌ವರೆಗೆ ಹೊಸ ಬಹೂಪಯೋಗಿ ಬೂಟುಗಳು ವಿತರಣೆಯಾಗದೆ, ಹಳೆಯ ಬೂಟುಗಳನ್ನೇ ಸರಿಪಡಿಸಿ ಬಳಸಬೇಕಾಯಿತು ಎಂದು ಅದು ಹೇಳುತ್ತದೆ. ಪಡಿತರದಲ್ಲಿ ಒಂದರ ಬದಲು ಇನ್ನೊಂದನ್ನು ಕೊಡುವಾಗ ಬೆಲೆಯನ್ನು ಸರಿದೂಗಿಸಿದರೇ ಹೊರತು ಪೋಷಣೆಯನ್ನಲ್ಲ, ಇದರಿಂದ ಕ್ಯಾಲರಿ ಪ್ರಮಾಣ ಶೇ 82ರವರೆಗೂ ಕಡಿಮೆಯಾಯಿತು ಎಂಬುದು ಅದರ ಇನ್ನೊಂದು ಅಂಶ. ಲೆಕ್ಕ ಸರಿಯಿತ್ತು, ಊಟ ಕಡಿಮೆಯಿತ್ತು. ವರದಿ ಬರುವ ಹೊತ್ತಿಗೆ ಆ ಚಳಿಗಾಲ ಕಳೆದು ನಾಲ್ಕು ವರ್ಷಗಳಾಗಿದ್ದವು.

ಸಮಿತಿಗೂ ಲೆಕ್ಕಪರಿಶೋಧಕರಿಗೂ ಸುಲಭವಾಗಿ ಕಾಣದ ಇನ್ನೊಂದು ಜಾಗವಿದೆ, ಅದು ವೆಚ್ಚ ಒಂದು ಇಲಾಖೆಯದು, ಮನುಷ್ಯ ಇನ್ನೊಂದು ಇಲಾಖೆಯವನು ಎಂಬ ಜಾಗ. ಟಿಎ ಅಡಿಯಲ್ಲಿ ಗಿಡ ನೆಡುವ ಪರಿಸರ ಬೆಟಾಲಿಯನ್‌ಗಳಿವೆ. ಮೊದಲನೆಯದು 1982ರಲ್ಲಿ ಮಸ್ಸೂರಿ ಬೆಟ್ಟಗಳಿಗಾಗಿ ಹುಟ್ಟಿದ್ದು. ಇವುಗಳ ಖರ್ಚನ್ನು ಭರಿಸುವವರು ಪರಿಸರ ಸಚಿವಾಲಯದವರು, ಇಲ್ಲವೇ ರಾಜ್ಯ ಸರ್ಕಾರಗಳು. ಪದಾತಿ ದಳದಲ್ಲಿ 25 ವರ್ಷ ದುಡಿದು ನಿವೃತ್ತರಾದ ಜವಾನರೊಬ್ಬರು 2007ರಲ್ಲಿ ಇಂತಹ ಪಡೆಗೆ ಸೇರಿ, 2009ರಲ್ಲಿ ರಜೆಯ ಸಮಯದಲ್ಲಿ ನಡೆದ ಅಪಘಾತದಲ್ಲಿ ಬಲಗಾಲು ಕಳೆದುಕೊಂಡರು. ಶೇ 80ರಷ್ಟು ಅಂಗವೈಕಲ್ಯ, ಅದಕ್ಕೂ ಸೈನ್ಯದ ಸೇವೆಗೂ ಸಂಬಂಧವಿದೆ ಎಂದು ಸೇನೆಯ ವಿಚಾರಣೆಯೇ ಒಪ್ಪಿತ್ತು. ಆದರೂ ಅಂಗವೈಕಲ್ಯ ಪಿಂಚಣಿ ಸಿಗಲಿಲ್ಲ, ಏಕೆಂದರೆ ಪರಿಸರ ಪಡೆಯವರಿಗೆ ಅದು ಅನ್ವಯಿಸುವುದಿಲ್ಲ ಎಂಬ ಪತ್ರವೊಂದಿತ್ತು, ಅದನ್ನು ಒಪ್ಪುತ್ತೇನೆಂದು ಅವರಿಂದ ಮುಚ್ಚಳಿಕೆಯನ್ನೂ ಬರೆಸಿಕೊಳ್ಳಲಾಗಿತ್ತು. ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಸೋತು ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ ಆ ಜವಾನರಿಗೆ ನ್ಯಾಯ ಸಿಕ್ಕಿದ್ದು 2021ರ ಡಿಸೆಂಬರ್‌ನಲ್ಲಿ. ಪರಿಸರ ಪಡೆಯೂ ಟೆರಿಟೋರಿಯಲ್ ಆರ್ಮಿಯ ಭಾಗವೇ ಆದ್ದರಿಂದ ಪಿಂಚಣಿ ಕೊಡಬೇಕು, ಬಲಾಢ್ಯ ಸರ್ಕಾರದ ಮುಂದೆ ಒಬ್ಬ ಜವಾನ ಹಾಕಿದ ಸಹಿಯನ್ನು ಅವನ ವಿರುದ್ಧವೇ ಬಳಸಲಾಗದು ಎಂದಿತು ನ್ಯಾಯಾಲಯ. ಹನ್ನೆರಡು ವರ್ಷ ಬೇಕಾಯಿತು, ಅದೂ ಒಬ್ಬರು ಪಟ್ಟುಹಿಡಿದು ಹೋರಾಡಿದ್ದರಿಂದ.

ಸುಪ್ರೀಂ ಕೋರ್ಟ್ ಬಿಡಿಸಿದ ಗಂಟಿನ ಒಂದು ಎಳೆಯನ್ನು 2025ರ ಆದೇಶದ ಆ ವಾಕ್ಯಗಳಲ್ಲಿ ನಾನು ಕಾಣುತ್ತೇನೆ. ಬೇರೆ ಸಚಿವಾಲಯದ ಹಣದಲ್ಲಿ ಕರೆಸಿಕೊಂಡ ಜವಾನನ ಖರ್ಚು ರಕ್ಷಣಾ ಬೇಡಿಕೆಯಲ್ಲಿ ಕಾಣದಿದ್ದರೆ, ರಕ್ಷಣಾ ಸ್ಥಾಯಿ ಸಮಿತಿ ಅದರ ಬಗ್ಗೆ ಪ್ರಶ್ನೆ ಕೇಳುವ ಸಂದರ್ಭವೇ ವಿರಳವಾಗುತ್ತದೆ. ಮರುಹೊಂದಿಸಿದ ಉಳಿತಾಯ ಎಂಬ ಪದವೂ ನನಗೆ ಅಷ್ಟೇ ಕಸಿವಿಸಿ ತರುತ್ತದೆ. ಉಳಿದದ್ದು ಎಲ್ಲಿಂದ, ಯಾರ ತರಬೇತಿಯಿಂದ, ಯಾವ ಬೂಟಿನಿಂದ? ಅನುದಾನ ಬೇಡಿಕೆಯ ಜೊತೆಗೆ ಒಂದೇ ಒಂದು ಪುಟದ ಕೋಷ್ಟಕವನ್ನು ಸಮಿತಿ ಕೇಳಿದರೆ ಸಾಕು: ಆ ವರ್ಷ ಪ್ರತಿ ಟಿಎ ಬೆಟಾಲಿಯನ್ ಎಷ್ಟು ದಿನ ಎಂಬಾಡಿ ಆಗಿತ್ತು, ಖರ್ಚು ಯಾರ ಲೆಕ್ಕಕ್ಕೆ ಹೋಯಿತು, 15 ವರ್ಷಕ್ಕೆ ಕೆಲವೇ ತಿಂಗಳು ಉಳಿದಿರುವಾಗ ಮನೆಗೆ ಹೋದವರು ಎಷ್ಟು ಮಂದಿ. ಆದೇಶದ ಅವಧಿ 2028ರ ಫೆಬ್ರುವರಿ 9ರವರೆಗೆ ಇರುವುದರಿಂದ ಅಷ್ಟರೊಳಗಿನ ಆಯವ್ಯಯಗಳ ಸಂದರ್ಭದಲ್ಲಿ ಸಮಿತಿಗೆ ಇದನ್ನು ಕೇಳಲು ಅವಕಾಶವಿದೆ.